ಹತ್ತೊಂಬತ್ತು ಮಿಲಿಮೀಟರಿನ ಮರ್ಯಾದೆ

"ಇನ್ನು ಈ ಮನೆಯೊಳಗೆ ಇಂಚು ಅನ್ನೋ ಮಾತು ಕೇಳಿಸಕೂಡದು!" ಎಂದು ಒರೆಸ್ಟ್ ಗುಡುಗಿದಾಗ ಅವನ ಹೆಂಡತಿ ಡಾರ್ಸಿ ಎಂಟು ತಿಂಗಳ ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಪಿರೋಗಿ ಕಡುಬು ತಿನ್ನುತ್ತಿದ್ದಳು.

ಅವನ ಸಿಟ್ಟಿಗೂ ಕಾರಣವಿತ್ತು. ವಿನಿಪೆಗ್‌ನಲ್ಲಿ ಸೇತುವೆ ಕಟ್ಟುವ ಎಂಜಿನಿಯರು. ನಕ್ಷೆ ಮಿಲಿಮೀಟರಿನಲ್ಲಿ, ಬಂದಿಳಿಯುವ ಬೋಲ್ಟು ಇಂಚಿನಲ್ಲಿ! ಹದಿನೈದು ವರ್ಷ ಗುಣಿಸಿ ಭಾಗಿಸಿ ತಲೆ ಚಿತ್ರಾನ್ನವಾಗಿತ್ತು.

"ಆಚೆ ಚಳಿ ಸೆಲ್ಸಿಯಸ್ಸಲ್ಲಿ, ಒಳಗೆ ಒಲೆ ಫ್ಯಾರನ್‌ಹೀಟಲ್ಲಿ! ಇದೇನು ದೇಶವಾ, ಸರ್ಕಸ್ಸಾ?"

"ಮೊದಲು ಮಗುವಿನ ಕೋಣೆಗೆ ಗೋಡೆ ಎಬ್ಬಿಸಪ್ಪಾ. ದೇಶ ಆಮೇಲೆ ತಿದ್ದುವಿಯಂತೆ."

ಎಬ್ಬಿಸಿದ! ಶನಿವಾರವಿಡೀ ನಾನೂರು ಮಿಲಿಮೀಟರಿಗೊಂದರಂತೆ ಮರದ ಕಂಬ ನಿಲ್ಲಿಸಿದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಭಾನುವಾರ ಮಾವ ಬೋಡನ್ ಬಂದರು. ನಲವತ್ತು ವರ್ಷ ಬಡಗಿಯಾಗಿದ್ದವರು. ಇಬ್ಬರೂ ಸೇರಿ ಕಂಬಗಳ ಮೇಲೆ ಹೊದಿಸುವ ಮೊದಲ ಜಿಪ್ಸಮ್ ಹಲಗೆ ಎತ್ತಿ ಹಿಡಿದರು. ಅದರ ಅಂಚು ಕಂಬದ ನಟ್ಟನಡುವೆ ನಿಲ್ಲಬೇಕಿತ್ತು. ಹಾಳಾದ್ದು ಇಡೀ ಕಂಬವನ್ನೇ ಮುಚ್ಚಿಕೊಂಡಿತು! ಪಕ್ಕದ ಹಲಗೆಗೆ ಸ್ಕ್ರೂ ಹಾಕಲು ಬರೀ ಗಾಳಿ ಉಳಿಯಿತು.

"ಹಲಗೆಯೇ ಸರಿಯಿಲ್ಲ! ಮೋಸಗಾರರು!"

"ಹಲಗೆ ನಾಲ್ಕಡಿ ಕಣೋ ಅಳಿಯಾ. ನಮ್ಮಪ್ಪನ ಕಾಲದಿಂದಲೂ ನಾಲ್ಕಡಿ. ಹದಿನಾರು ಇಂಚಿಗೊಂದು ಕಂಬ ಹಾಕೋದಲ್ವಾ?"

ನಾಲ್ಕಡಿಗೆ ಸಾವಿರದ ಇನ್ನೂರ ಹತ್ತೊಂಬತ್ತು ಮಿಲಿಮೀಟರು. ಒರೆಸ್ಟನ ಮೂರು ನಾನೂರು ಸೇರಿದರೆ ಬರೀ ಸಾವಿರದ ಇನ್ನೂರು; ಮಿಕ್ಕ ಹತ್ತೊಂಬತ್ತು ಅಂದರೆ ಸರಿಯಾಗಿ ಅರ್ಧ ಕಂಬ! ಆಫೀಸಿನಲ್ಲಿ ಎಲ್ಲರೂ ಸಲೀಸಾಗಿ ಸಾವಿರದ ಇನ್ನೂರು ಅನ್ನುತ್ತಿದ್ದರಲ್ಲ, ಅಯೋಗ್ಯರು! ಮಾವ ಪೆನ್ಸಿಲ್ ತೆಗೆದು ಹೊಸ ಗುರುತು ಹಾಕತೊಡಗಿದರು. ಬೈದಿದ್ದರೂ ಒರೆಸ್ಟನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಐದನೇ ಕಂಬ ಕೀಳುವಾಗ ಡಾರ್ಸಿಗೆ ನೋವು ಕಾಣಿಸಿಕೊಂಡಿತು. ಮೂರು ವಾರ ಮುಂಚೆ!

ಆಸ್ಪತ್ರೆಯ ಪಡಸಾಲೆಯಲ್ಲಿ ಒರೆಸ್ಟ್ ಹೆಜ್ಜೆ ಎಣಿಸುತ್ತಾ ಓಡಾಡುತ್ತಿದ್ದ. ಅವಸರದ ಕೂಸು, ತೂಕ ಸಾಲದಿದ್ದರೆ? ಕೊನೆಗೂ ನರ್ಸ್ ಹೊರಗೆ ಬಂದಳು.

"ಹೆಣ್ಣು ಮಗು. ಎರಡು ಸಾವಿರದ ಒಂಬೈನೂರ ಐವತ್ತು ಗ್ರಾಂ."

ಹೆಚ್ಚೋ, ಕಡಿಮೆಯೋ? ಎಂಜಿನಿಯರನಿಗೆ ಏನೂ ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿತು.

"ಗ್ರಾಂ ಅಂತೆ! ನಾನೇನು ಅರಿಶಿನ ಕೊಳ್ಳೋಕೆ ಬಂದಿದೀನಾ? ಮನುಷ್ಯರಿಗೆ ಅರ್ಥವಾಗೋ ಹಾಗೆ ಹೇಳ್ರೀ, ಎಷ್ಟು ಪೌಂಡು?"

"ಆರೂವರೆ. ಗಟ್ಟಿಮುಟ್ಟಾಗಿದಾಳೆ," ಎಂದಳು ನರ್ಸ್. "ಉದ್ದ ಐವತ್ತು ಸೆಂಟಿಮೀಟರು. ಅದನ್ನೂ ಇಂಚಲ್ಲಿ ಹೇಳ್ಲಾ?"

ಮಾವ ಪಕ್ಕದಲ್ಲೇ ನಿಂತಿದ್ದರು. ಒರೆಸ್ಟ್ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದ:

"ಹೇಳಿಬಿಡಿ ತಾಯಿ."