ಗೋಪುರದ ಕೆಳಗೆ ನಿಂತವರು

ಅಂಗಿಯ ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ವೆದಾತ್‌ಗೆ ಫೋಟೋ ತೆಗೆಯುವ ಹುಚ್ಚು. ಸಿಗರೇಟಿಲ್ಲ, ಕುಡಿತವಿಲ್ಲ, ನಲವತ್ತು ಸಮೀಪಿಸಿದರೂ ಮದುವೆಯಿಲ್ಲ. ಇರುವುದು ಇದೊಂದು ಚಟ ತಾನೆ ಎಂದು ಇಜ್ಮಿರ್ ನಗರದ ಅವನ ಬೀದಿಯವರು ಸಹಿಸಿಕೊಂಡಿದ್ದರು. ರಜೆ ಬಂತೆಂದರೆ ಬಂದರಿನ ಕಡೆ ಹೊರಟುಬಿಡುವನು. ಬಲೆ ಹೊಲಿಯುವ ಮುದುಕ, ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿಗಳ ಗಾಡಿ, ಫೆರಿಯ ಕಂಬಿಯ ಮೇಲೆ ಕೂತ ಕಡಲಹಕ್ಕಿ, ಕೊನಾಕ್ ಚೌಕದ ಗಡಿಯಾರ ಗೋಪುರ, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ತಂದು, ಮರುದಿನ ಬೆಳಗ್ಗೆ ಒಂದನ್ನು ಆರಿಸಿ ಬೀದಿಯವರ ವಾಟ್ಸಾಪ್ ಗ್ರೂಪಿಗೆ ಹಾಕುವನು. ಯಾರೂ ಸರಿಯಾಗಿ ನೋಡುತ್ತಿರಲಿಲ್ಲ. ಎರಡು ಹೂವು, ಒಂದು ಹೆಬ್ಬೆರಳು ಬಂದರೆ ಅವನ ಹೊಟ್ಟೆ ತುಂಬುತ್ತಿತ್ತು.

ಆ ಸೋಮವಾರ ಮಾತ್ರ ನೋಡಿದರು.

ಚಿತ್ರ ಗಡಿಯಾರ ಗೋಪುರದ್ದು. ಮೇಲೆ ನೀಲಿ ಆಕಾಶ, ಸುತ್ತ ಪಾರಿವಾಳ. ವೆದಾತ್ ಚಹಾ ಹೀರುತ್ತಿದ್ದಾಗ ಎದುರುಮನೆಯ ನಾಜಿರೆಯ ಸಂದೇಶ ಬಂತು. "ಗೋಪುರದ ಬುಡದಲ್ಲಿ ನಿಂತಿರೋದು ನಮ್ಮ ಹೈರಿ ಅಲ್ವಾ? ಪಕ್ಕದಲ್ಲಿರೋ ಹಳದಿ ಟೋಪಿ ಯಾರಪ್ಪಾ?"

ವೆದಾತ್ ಚಹಾದ ಲೋಟ ಕೆಳಗಿಟ್ಟ. ಹೈರಿ ಎಂದರೆ ಬೀದಿ ತಿರುವಿನ ಮಾಂಸದಂಗಡಿಯವನು. ಕಪಾಟಿನಷ್ಟು ಅಗಲದ ಆಳು. ಹೆಂಡತಿ ಸತ್ತ ಮೇಲೆ ನಕ್ಕದ್ದನ್ನು ಕಂಡವರಿಲ್ಲ. ಒಮ್ಮೆ ಯಾರೋ ಅವನ ಮರುಮದುವೆಯ ಮಾತೆತ್ತಿದ್ದಕ್ಕೆ ಕತ್ತಿಯನ್ನು ಹಲಗೆಗೆ ಎಷ್ಟು ಜೋರಾಗಿ ಕಚ್ಚಿಸಿದನೆಂದರೆ, ಕೀಳಲು ಇಬ್ಬರು ಬೇಕಾದರು. ಅಂಥವನು ಚೌಕದಲ್ಲಿ ಒಬ್ಬ ಹೆಂಗಸಿನ ಹೆಗಲ ಮೇಲೆ ಕೈಹಾಕಿ ನಿಂತಿದ್ದಾನೆ ಎಂದು ನಾಜಿರೆ ಬರೆಯುತ್ತಿದ್ದಾಳೆ. ಹೆಂಗಸು ಬೆನ್ನು ತಿರುಗಿಸಿದ್ದಾಳಂತೆ, ಮುಖ ಕಾಣದಂತೆ.

ಅವನು ಚಿತ್ರ ಹಿಗ್ಗಿಸಿ ನೋಡುವ ಮೊದಲೇ ತಾಯಿ ಮುಜೆಯ್ಯೆನ್ ಅಡುಗೆಮನೆಯಿಂದ ತನ್ನ ಮೊಬೈಲು ಹಿಡಿದು ಬಂದಳು. ಮುಖ ಬಿಳುಚಿತ್ತು. "ಮಗಾ, ಅದನ್ನ ಅಳಿಸು. ಮೊದಲು ಅಳಿಸು," ಎಂದಳು. ತನಗಾಗಿ ಹೆದರಿದ ಹೆತ್ತಕರುಳನ್ನು ಕಂಡು ವೆದಾತ್‌ಗೆ ಇನ್ನಷ್ಟು ಭಯವಾಯಿತು. ಆ ಭಯದಲ್ಲೇ ತಪ್ಪು ಗುಂಡಿಯ ಮೇಲೆ ಬೆರಳಿಟ್ಟ. ಚಿತ್ರ ಅವನ ಮೊಬೈಲಿನಿಂದ ಮಾತ್ರ ಅಳಿಸಿಹೋಯಿತು. ಮಿಕ್ಕವರೆಲ್ಲರಲ್ಲೂ ಕಲ್ಲಿನ ಮೇಲೆ ಕೆತ್ತಿದಂತೆ ಉಳಿಯಿತು. ಗಾಬರಿಯಲ್ಲಿ ಮೂಲ ಫೋಟೋವನ್ನೂ ಅಳಿಸಿಹಾಕಿದ. ಈಗ ಇಡೀ ಬೀದಿಯಲ್ಲಿ ಆ ಚಿತ್ರ ಇಲ್ಲದವನೆಂದರೆ ಅದನ್ನು ತೆಗೆದವನೊಬ್ಬನೇ.

ಮಾಂಸದಂಗಡಿಯ ಮುಂದೆ ಹಾಯಲಾರದೆ ಮಸೀದಿಯ ಹಿಂದಿನ ಮೆಟ್ಟಿಲಿಳಿದು, ಸಂತೆಬೀದಿ ಸುತ್ತಿ ಕೆಲಸಕ್ಕೆ ಹೋದ. ಅಷ್ಟರಲ್ಲೇ ಹೈರಿ ಅಲ್ಲಿಗೂ ಬಂದುಹೋಗಿದ್ದ.

"ಏನೋ ಮಾಡಿದೀಯ ನೀನು?" ಎಂದು ಕೇಳಿದ ಅಂಗಡಿಯ ಯಜಮಾನ. "ವೆದಾತ್ ಎಲ್ಲಿ ಅಂತ ಕೇಳಿದ. ನಂಗೆ ಇವತ್ತೇ ಅವನು ಬೇಕು ಅಂದ. ಬೆವರು ಸುರೀತಿತ್ತು ಅವನಿಗೆ."

"ಕೈಯಲ್ಲಿ ಏನಾದ್ರೂ ಇತ್ತಾ, ಅಣ್ಣಾ?"

"ಕೈ ಎರಡೂ ಜೇಬಲ್ಲಿತ್ತು. ಅದೇ ನಂಗೂ ಭಯ ಆಗಿದ್ದು."

ವೆದಾತ್ ತಲೆನೋವೆಂದು ಹೇಳಿ ಹೊರಬಿದ್ದ. ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಹೈರಿಯದು ಮೂರು ಕರೆ, ನಾಜಿರೆಯದು ಎಷ್ಟೋ. ಅದನ್ನು ಆಫ್ ಮಾಡಿ ಒಳಜೇಬಿಗೆ ತಳ್ಳಿದ. ಫೆರಿ ಹತ್ತಿ ಆಚೆದಡದ ಕರ್ಶಿಯಾಕಾಗೆ ಹೋದ. ಇಳಿದರೆ ಅಲ್ಲೂ ಒಂದು ಮಾಂಸದಂಗಡಿ. ಹೆದರಿ ಅದೇ ಫೆರಿಯಲ್ಲಿ ಮರಳಿದ. ಹೀಗೆ ಮಧ್ಯಾಹ್ನವೆಲ್ಲ ನೇಯ್ಗೆಯ ಲಾಳಿಯಂತೆ ಕೊಲ್ಲಿಯ ಆಚೆಗೂ ಈಚೆಗೂ ಓಡಾಡಿದ. ಟಿಕೆಟು ನೋಡುವವನು ಅನುಮಾನದಿಂದ ಹತ್ತಿರ ಬಂದು, ಬದುಕು ದೊಡ್ಡದು, ನೀರಿನ ಕಡೆ ನೋಡಬೇಡ ಎಂದು ಬುದ್ಧಿ ಹೇಳಿ ಒಳಗಿನ ಬೆಂಚಿನಲ್ಲಿ ಕೂರಿಸಿದ. ಸೂರ್ಯ ಕಡಲಿಗಿಳಿಯುತ್ತಿದ್ದ. ಅಂಥ ಬೆಳಕು ವರ್ಷಕ್ಕೊಮ್ಮೆ ಸಿಗುವಂಥದ್ದು, ಆದರೆ ವೆದಾತ್‌ಗೆ ಜೇಬಿಗೆ ಕೈಹಾಕಲು ಧೈರ್ಯವಾಗಲಿಲ್ಲ.

ಕೊನೆಗೆ ತಾಯಿಯೊಬ್ಬಳೇ ಇದ್ದಾಳಲ್ಲ ಎಂಬ ಯೋಚನೆ ಕಚ್ಚತೊಡಗಿತು. ಆ ರಾಕ್ಷಸ ಮನೆಗೇ ನುಗ್ಗಿದರೆ? ಹಾಗನ್ನಿಸಿದ್ದೇ ತಡ, ಓಡುನಡಿಗೆಯಲ್ಲಿ ಮನೆ ಸೇರಿದ. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ನಡುವೆ ದೋಣಿಯಂಥ ಒಂದು ಜೊತೆ. ಅಷ್ಟು ದೊಡ್ಡ ಪಾದ ಬೀದಿಯಲ್ಲಿ ಹೈರಿಯೊಬ್ಬನದೇ. ಆದರೂ ಒಳಗೆ ಹೋದ.

ಕೋಣೆಯಲ್ಲಿ ಅರ್ಧ ಬೀದಿ ಕೂತಿತ್ತು. ಸೋಫಾದ ತುದಿಯಲ್ಲಿ ಹೈರಿ, ಎಂದೋ ಹೊಲಿಸಿದ ಕೋಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ತೊಡೆಯ ಮೇಲೆ ಚಾಕೊಲೇಟಿನ ಪೆಟ್ಟಿಗೆ, ಕೈಯಲ್ಲಿ ಹೂಗುಚ್ಛ.

"ಕೂತ್ಕೊ ವೆದಾತ್," ಎಂದ ಹೈರಿ. ದನಿ ಇಲಿಯದಾಗಿತ್ತು. "ಬೆಳಗ್ಗಿಂದ ಹುಡುಕ್ತಿದೀನಿ. ನಿನಗೆ ಹೇಗೆ ಹೇಳೋದು ಅಂತ ಎರಡು ವರ್ಷದಿಂದ ಹೆದರಿಕೊಂಡೇ ಇದ್ವಿ. ನೀನು ನೋಡಿಬಿಟ್ಟೆ, ಫೋಟೋ ತೆಗೆದೆ, ಬೀದಿಗೆಲ್ಲಾ ತೋರಿಸಿದೆ. ಇನ್ನು ಮುಚ್ಚಿಡೋದು ಏನಿದೆ? ನಿನ್ನಪ್ಪ ಹೋದ ಮೇಲೆ ಮನೆಗೆ ಹಿರಿಯ ಗಂಡಸು ನೀನೇ. ದೇವರ ಅಪ್ಪಣೆ ಇದ್ದರೆ, ಮುಜೆಯ್ಯೆನ್‌ನ ನಂಗೆ ಕೊಡು."

ವೆದಾತ್‌ಗೆ ಮೊದಲು ಆ ಹೆಸರು ಯಾರದೆಂದೇ ಹೊಳೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ತಾಯಿಯನ್ನು ನೋಡಿದ. ಪ್ರತಿ ಭಾನುವಾರ ಕಾಯಿಲೆಯ ಗೆಳತಿಯ ಆರೈಕೆಗೆಂದು ಕಪ್ಪು ಕೋಟು ತೊಟ್ಟು ಹೋಗುತ್ತಿದ್ದ ತಾಯಿ ಮದುಮಗಳಂತೆ ನೆಲ ನೋಡುತ್ತಿದ್ದಳು.

"ಹಳದಿ ಟೋಪಿಯ ಕೆಳಗಿರೋದು ಮುಜೆಯ್ಯೆನ್ ಅಂತ ನಾನು ಮಧ್ಯಾಹ್ನವೇ ಗುರುತು ಹಿಡಿದೆ," ಎಂದಳು ನಾಜಿರೆ. "ನೀನು ಫೋನೇ ಎತ್ತಲಿಲ್ಲ."

ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟಿದ್ದವು. ಏನೂ ತೋಚದೆ ವೆದಾತ್ ಹೂಂ ಎಂಬಂತೆ ತಲೆಯಾಡಿಸಿದ. ಕೋಣೆ ಚಪ್ಪಾಳೆ ತಟ್ಟಿತು. ಹೆಣ್ಣು ಕೇಳಲು ಬಂದವನ ತಾಳ್ಮೆ ಅಳೆಯುವ ಅಲ್ಲಿನ ಪದ್ಧತಿಯಂತೆ ಮದುಮಗನ ಕಾಫಿಗೆ ಉಪ್ಪು ಬಿದ್ದಿತ್ತು. ಹೈರಿ ಮುಖ ಕಿವಿಚದೆ ಒಂದೇ ಗುಟುಕಿಗೆ ಕುಡಿದು ಮುಗಿಸಿದ. ಉಪ್ಪು ಒಳಗಿಳಿದದ್ದೇ ತಡ, ಅವನ ಅಂಜಿಕೆಯೂ ಇಳಿದು, ಹಳೆಯ ದನಿ ಎದೆಯಿಂದ ಎದ್ದುಬಂತು.

"ಅಲ್ಲಯ್ಯಾ," ಎಂದ ಅವನು, ವೆದಾತ್‌ನತ್ತ ಹುಬ್ಬು ಗಂಟಿಕ್ಕಿ. "ಕೆಲಸ ಬಿಟ್ಟು, ಫೋನ್ ಆಫ್ ಮಾಡ್ಕೊಂಡು, ಕತ್ತಲಾಗೋವರೆಗೂ ಎಲ್ಲಿ ಅಲೀತಿದ್ದೆ?"

ವೆದಾತ್ ಎದ್ದು ನಿಂತು, ಅಪ್ಪನೆದುರು ಸಿಕ್ಕಿಬಿದ್ದ ಮಗನಂತೆ ಕೈಕಟ್ಟಿಕೊಂಡ.