ಗುಣವಾದ ತಪ್ಪಿಗೆ ಹೆಸರು ತೆಗೆದವರಿಗೆ

ನಮ್ಮ ಭಾಗದ ಮನೋರೋಗ ಚಿಕಿತ್ಸಾಲಯದ ರೋಗಿಗಳ ಪಟ್ಟಿಯನ್ನು ಹಗುರಗೊಳಿಸುವ ಸಮಿತಿಯ ಮಾನ್ಯರೇ,

ಇಂಗ್ಲೆಂಡಿನ ಕೊವೆಂಟ್ರಿಯಿಂದ ಪ್ರಭಾವತಿ ಮಾಡುವ ನಮಸ್ಕಾರಗಳು. ತಮ್ಮ ಕಡತಗಳೆಲ್ಲ ತೆಳ್ಳಗೆ, ಕ್ಷೇಮವಾಗಿ ಇವೆಯೆಂದು ನಂಬಿದ್ದೇನೆ.

ನನ್ನ ತಮ್ಮ ಶ್ರೀಶೈಲ ತಮಗೆ ನೆನಪಿರಲಾರ. ಸ್ಕಿಜೋಫ್ರೇನಿಯಾದಿಂದ ಎರಡು ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿದ್ದವನು, ದಿನದ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್ ಶುರುವಾದ ಮೇಲೆ ಆರು ವರ್ಷ ವಾರ್ಡಿನ ಮುಖ ನೋಡಲಿಲ್ಲ. ಮೈ ದಪ್ಪವಾಯಿತು, ಬೆಳಿಗ್ಗೆ ಏಳುವುದು ಕಷ್ಟವಾಯಿತು, ನಿಜ. ಆದರೂ ಕಾರಿನ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ ಹಿಡಿದ, ಭಾನುವಾರ ನಮ್ಮ ಮನೆಗೆ ಬಂದು ತಾನೇ ರೊಟ್ಟಿ ತಟ್ಟುತ್ತಿದ್ದ. ಇಷ್ಟು ದೊಡ್ಡ ಅಪರಾಧವನ್ನು ತಾವು ಸುಮ್ಮನೆ ಬಿಡಲಾದೀತೆ? ಫೆಬ್ರವರಿಯಲ್ಲಿ ‘ಅಭಿನಂದನೆಗಳು, ನೀವು ಸ್ಥಿರವಾಗಿದ್ದೀರಿ’ ಎಂದು ಬರೆದು, ಮುಂದಿನ ಇಂಜೆಕ್ಷನ್ ನಮ್ಮ ಬಡಾವಣೆಯ ವೈದ್ಯರು, ಅಂದರೆ ಜಿಪಿ, ಕೊಡುತ್ತಾರೆಂದು ತಿಳಿಸಿ, ಪಟ್ಟಿಯಿಂದ ಅವನ ಹೆಸರು ತೆಗೆದಿರಿ.

ಜಿಪಿಯ ರಿಸೆಪ್ಷನ್‌ನಲ್ಲಿ ‘ಆ ಇಂಜೆಕ್ಷನ್ ನಾವು ಕೊಡುವುದಿಲ್ಲ’ ಎಂದರು. ತಮ್ಮಲ್ಲಿಗೆ ಫೋನ್ ಮಾಡಿದರೆ ‘ಅವರು ನಮ್ಮ ಪಟ್ಟಿಯಲ್ಲಿಲ್ಲ’ ಎಂದರು. ಎರಡೂ ಕಡೆ ಎಂಥ ಮಧುರ ದನಿ! ಹದಿನಾಲ್ಕು ವಾರ ಔಷಧದ ಬದಲು ಆ ಮಾಧುರ್ಯವನ್ನೇ ಅವನಿಗೆ ಚುಚ್ಚಿಸಿದೆವು. ಮೇ ತಿಂಗಳಲ್ಲಿ ಅವನು ಕೆಲಸಕ್ಕೆ ಹೋಗುವುದನ್ನು ಬಿಟ್ಟ.

‘ಅಕ್ಕಾ, ಬಾಜೂ ಮನಿಯವ್ರು ಗ್ವಾಡಿಯೊಳಗಿಂದ ನನ್ನ ಹೆಸರ ಹಿಡದು ಕರೀಲಿಕತ್ತಾರ. ನಿನಗ ಕೇಳಸಂಗಿಲ್ಲೇನು?’ ಎಂದ.

ನನಗೆ ಕೇಳಿಸಲಿಲ್ಲ. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬರಿಗಾಲಲ್ಲಿ ನಿಂತು ನಡುಗುತ್ತಿದ್ದವನನ್ನು ಪೊಲೀಸರು ಆಸ್ಪತ್ರೆಗೆ ಕರೆದೊಯ್ದರು. ಒಂಬತ್ತು ವಾರ ವಾರ್ಡಿನಲ್ಲಿದ್ದ. ಅಷ್ಟರಲ್ಲಿ ಕೆಲಸ ಹೋಯಿತು.

ಆಗ ತಮ್ಮ ಕರುಣೆ ಉಕ್ಕಿ ಹರಿಯಿತು. ಕಾಯಿಲೆ ಮರುಕಳಿಸಿರುವುದರಿಂದ ಅವನೀಗ ತಮ್ಮ ಸೇವೆಗೆ ಅರ್ಹನೆಂದು ಪತ್ರ ಬಂತು! ಇಂಥ ವಿವೇಕ ಬರೀ ಒಂದು ಚಿಕಿತ್ಸಾಲಯದಲ್ಲಿ ಕೊಳೆಯಬಾರದು. ಆದ್ದರಿಂದ ನನ್ನ ಸವಿನಯ ಕೋರಿಕೆ: ಈ ನಿಯಮವನ್ನು ನಮ್ಮೂರ ಬಸ್ಸುಗಳಿಗೂ ವಿಸ್ತರಿಸಿ, ಆರು ವರ್ಷ ಅಪಘಾತ ಮಾಡದ ಬಸ್ಸಿನ ಬ್ರೇಕು ಬಿಚ್ಚಿಸಿ, ಸಮಿತಿಯವರೆಲ್ಲ ಕುಟುಂಬಸಮೇತ ಅದರಲ್ಲಿ ಮೊದಲ ಸವಾರಿ ಮಾಡಬೇಕು.

ತಮ್ಮ ಅಭಿನಂದನೆಗಳನ್ನು ಬಿಟ್ಟು ಇನ್ನೆಲ್ಲದರಲ್ಲೂ ವಿಶ್ವಾಸ ಉಳಿಸಿಕೊಂಡಿರುವ,
ಪ್ರಭಾವತಿ

ಮರೆತ ಮಾತು: ಕಳೆದ ಮಂಗಳವಾರ ತಮ್ಮ ಚಿಕಿತ್ಸಾಲಯದಲ್ಲಿ ಇಂಜೆಕ್ಷನ್ ಕೊಟ್ಟ ನರ್ಸ್ ‘ಈಗ ಹೇಗಿದ್ದೀರಿ?’ ಎಂದು ಕೇಳಿದಾಗ ಶ್ರೀಶೈಲ ನನ್ನ ತೋಳು ಜಗ್ಗಿ ಪಿಸುಗುಟ್ಟಿದ: ‘ಅಕ್ಕಾ, ಸುಮಾರ ಅದಾನ ಅಂತ ಹೇಳು. ಪೂರಾ ಆರಾಮ ಅಂದ್ರ ಮತ್ತ ಹೆಸರ ತಗೀತಾರ.’ ನಾನು ಹಾಗೆಯೇ ಹೇಳಿದೆ. ದಯವಿಟ್ಟು ಹಾಗೆಯೇ ಬರೆದುಕೊಳ್ಳಿ.