ಪ್ರಕೃತಿ ನೋಡಲು ಹೋಗಿ

ಸುಮ್ಮನೆ ನಡೆಯುವುದು ಇಷ್ಟು ಕಷ್ಟದ ಕೆಲಸವೆಂದು ಅರವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಕಾಲಿನ ಕಷ್ಟ ಹೇಳುತ್ತಿಲ್ಲ. ಕಾಲು ಪಾಪ, ಹೇಳಿದ ಮಾತು ಕೇಳುತ್ತದೆ. ಕಷ್ಟವಿರುವುದು ಆ 'ಸುಮ್ಮನೆ'ಯಲ್ಲಿ. ನಮ್ಮ ದೇವನಹಳ್ಳಿ ಸೀಮೆಯಲ್ಲಿ ಕೈಯಲ್ಲಿ ಕುಡುಗೋಲಿಲ್ಲದೆ, ತಲೆಯ ಮೇಲೆ ಹುಲ್ಲಿನ ಹೊರೆಯಿಲ್ಲದೆ, ಹಿಂದೆ ಒಂದು ಮೇಕೆಯೂ ಇಲ್ಲದೆ ಹೊಲದ ಬದುವಿನ ಮೇಲೆ ಹೋಗುವವರು ಎರಡೇ ಜಾತಿ: ದಾರಿ ತಪ್ಪಿದವರು, ಇಲ್ಲವೇ ಸೈಟು ಹುಡುಕುವವರು.

ನಾನು ಹೊರಟಿದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ದಿನಕ್ಕೆ ಆರು ಸಾವಿರ ಹೆಜ್ಜೆ ನಡೆಯಬೇಕೆಂದು ಡಾಕ್ಟರು ಬರೆದುಕೊಟ್ಟರು. ಫೋನೇ ಎಣಿಸುತ್ತದೆ ಎಂದು ಮಗಳು ತೋರಿಸಿಕೊಟ್ಟಳು. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಉತ್ತರಪತ್ರಿಕೆ ತಿದ್ದಿದವಳು ನಾನು. ಇನ್ನೊಬ್ಬರು ಕೂಡಿದ ಅಂಕಗಳನ್ನು ಮತ್ತೊಮ್ಮೆ ಕೂಡಿ ನೋಡದೆ ನಂಬಿದವಳಲ್ಲ. ಹಾಗಾಗಿ ಫೋನನ್ನು ಮುಂದಕ್ಕೆ ಹಿಡಿದು, ನಾನೂ ಜೊತೆಗೆ ಬಾಯಿಬಿಟ್ಟು ಎಣಿಸುತ್ತ ಹೋಗುವುದು ರೂಢಿಯಾಯಿತು.

ಯುಗಾದಿ ಹೊತ್ತಿಗೆ ಶುರು ಮಾಡಿದೆ. ಹೊಂಗೆ ಮರಗಳು ಎಣ್ಣೆ ಹಚ್ಚಿದಂಥ ಚಿಗುರು ಬಿಟ್ಟು, ಕೆಳಗೆ ಅರಳು ಚೆಲ್ಲಿದ ಹಾಗೆ ಹೂವು ಉದುರಿಸಿದ್ದವು. ಆಮೇಲೆ ರೋಹಿಣಿ ಮಳೆ ಬಂತು. ನಮ್ಮಜ್ಜಿಗೆ ಮಳೆಗಳೆಂದರೆ ನೆಂಟರು. "ರೋಹಿಣಿ ಬಂದ್ಲು ಕಣೇ, ಮುಖ ತೋರಿಸ್ಬಿಟ್ಟು ಹೋದ್ಲು, ಕೂತ್ಕೊಳ್ಲಿಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ನನ್ನ ಕಾಲಕ್ಕೆ ರೋಹಿಣಿ ಚೆನ್ನಾಗಿಯೇ ಕೂತಳು. ಚಪ್ಪಲಿಗೆ ಎರಡೆರಡು ಕೇಜಿ ಕೆಮ್ಮಣ್ಣು ಮೆತ್ತಿ, ಆ ದಿನಗಳಲ್ಲಿ ಒಂದು ಹೆಜ್ಜೆಯನ್ನು ಎರಡೆಂದು ಎಣಿಸಿಕೊಂಡಿದ್ದೇನೆ. ಶ್ರಾವಣದಲ್ಲಿ ರಾಗಿ ಮೊಣಕಾಲೆತ್ತರ ಬಂತು. ದಸರೆಗೆ ಹೊಲದಂಚಿಗೆಲ್ಲ ಹುಚ್ಚೆಳ್ಳಿನ ಹಳದಿ. ಇಷ್ಟು ಚೆಂದವನ್ನು ಸಕ್ಕರೆ ಕಾಯಿಲೆ ಬರುವವರೆಗೂ ಯಾಕೆ ಮುಂದೂಡಿದೆನೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹಬ್ಬ ಮುಗಿದ ವಾರ, ಹುಣಸೆಮರದ ತಿರುವಿನಲ್ಲಿ ಬದುವಿಗೆ ಅಡ್ಡಲಾಗಿ ಜಾಲಿ ಮುಳ್ಳು ಬಿದ್ದಿತ್ತು. ಅದರಾಚೆ ಹೊಲದ ಒಡತಿ ಮುನಿಯಮ್ಮ ನಿಂತಿದ್ದರು. ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ದಿನಾ ನೋಡಿದ ಮುಖ, ಮಾತಾಡಿದ್ದು ಮಾತ್ರ ಅದೇ ಮೊದಲು.

"ಎಷ್ಟು ಬಂತು?"

"ನಾಲ್ಕು ಸಾವಿರದ ಇನ್ನೂರು" ಎಂದೆ, ಹೆಮ್ಮೆಯಿಂದ.

"ಯುಗಾದಿಯಿಂದ ನೋಡ್ತಾವ್ನಿ. ದಿನಾ ಬತ್ತೀಯ, ಫೋನ್ ಇಡ್ಕೊಂಡು ನನ್ ಒಲ ಅಳೀತೀಯ."

"ಅಯ್ಯೋ, ಅಳತೆಯಲ್ಲಮ್ಮಾ! ನಾನು ಸುಮ್ನೆ ಬರೋದು."

"ಸುಮ್ನೆ ಯಾರವ್ವಾ ಬತ್ತಾರೆ?"

ಅಲ್ಲಿಗೆ ನನ್ನೊಳಗಿನ ಟೀಚರು ಎದ್ದು ನಿಂತಳು. "ಪ್ರಕೃತಿ ನೋಡೋಕೆ ಬರ್ತೀನಮ್ಮಾ, ಪ್ರಕೃತಿ."

ಮುನಿಯಮ್ಮನ ಮುಖ ಕಪ್ಪಿಟ್ಟಿತು. "ಎಲ್ಲಿ ಮಾಡ್ತಾವ್ರೆ ಆ ಲೇಔಟು? ನಮ್ಮೊಲನೂ ಸೇರ್ತದಾ?"

ನನಗೆ ನಗು ಉಕ್ಕಿಬಂತು. ಅಷ್ಟರಲ್ಲಿ ಅವರು ಕೋಲಿನಿಂದ ಮುಳ್ಳನ್ನು ಇನ್ನಷ್ಟು ನನ್ನ ಕಡೆಗೆ ತಳ್ಳಿದರು. "ಇರೋದೇ ಎರಡೆಕ್ರೆ. ನಮ್ಮತ್ತೆ ಕೈ ಇಡ್ದು ಈ ಬದ ತೋರ್ಸಿದ್ರು. ಕೊಡಕಿಲ್ಲ ಅಂತ ಯೋಳೋಗು ನಿಮ್ಮೋರ್ಗೆ."

ಪ್ರಕೃತಿಯ ಮೇಲೆ ಎಷ್ಟು ಸಾವಿರ ಮಕ್ಕಳಿಂದ ಪ್ರಬಂಧ ಬರೆಸಿದ್ದೇನೋ. ಆ ಪದವನ್ನು ಹೊಲದವರು ಈಗ ಓದುವುದು ಲೇಔಟಿನ ಕಮಾನುಗಳ ಮೇಲೆ ಮಾತ್ರ ಎಂದು ಒಂದು ಮಗುವೂ ಬರೆದಿರಲಿಲ್ಲ; ಬರೆದಿದ್ದರೆ ನಾನು ಕೆಂಪು ಗೀಟು ಎಳೆದಿರುತ್ತಿದ್ದೆ.

ಮುಂದೆ ಎರಡು ತಿಂಗಳು ಮನೆಯ ಟೆರೇಸಿನ ಮೇಲೆ, ನೀರಿನ ಟ್ಯಾಂಕನ್ನು ಪ್ರದಕ್ಷಿಣೆ ಹಾಕಿದೆ. ಹೆಜ್ಜೆಗಳೇನೋ ಆರು ಸಾವಿರ ಆಗುತ್ತಿದ್ದವು. ಆದರೆ ಟ್ಯಾಂಕು ಚಿಗುರುವುದಿಲ್ಲ, ಹೂ ಬಿಡುವುದಿಲ್ಲ. ಕೊನೆಗೆ ತಡೆಯಲಾರದೆ, ಫೋನನ್ನು ಮನೆಯಲ್ಲೇ ಬಿಟ್ಟು, ಮುಳ್ಳಿನವರೆಗಾದರೂ ಹೋಗಿ ಬರೋಣವೆಂದು ಒಂದು ಬೆಳಗ್ಗೆ ಹೊರಟೆ. ಇಬ್ಬನಿ ಇನ್ನೂ ಆರಿರಲಿಲ್ಲ. ಮುನಿಯಮ್ಮ ಬೆನ್ನು ಮಾಡಿಕೊಂಡು ಅವರೆಕಾಯಿ ಕೀಳುತ್ತಿದ್ದರು. ಗಾಳಿ ತಿರುಗಿತು ನೋಡಿ, ಇಬ್ಬನಿ ಕುಡಿದ ಅವರೆಯ ಆ ವಾಸನೆ ನೇರ ಮೂಗಿಗೆ ಬಂತು. ಆಗ ಮಾತಾಡಿದ್ದು ನಾನಲ್ಲ, ನಮ್ಮಜ್ಜಿ.

"ಆಹಾ, ಏನ್ ಸೊಗಡು ಹತ್ತೈತೆ! ಈ ಸಲ ಇಬ್ನಿ ಚೆನ್ನಾಗಿ ಬಿದ್ದದೆ!"

ಮುನಿಯಮ್ಮ ಸೊಂಟ ನೇರ ಮಾಡಿ ತಿರುಗಿದರು. ನನ್ನ ಖಾಲಿ ಕೈಗಳನ್ನು ನೋಡಿದರು. "ಸೊಗಡು ಅಂತೀಯಲ್ಲಾ, ಯಾರ್ ಮನೆ ಮಗ್ಳವ್ವಾ ನೀನು?"

"ಹೊಸಕೋಟೆ ಕಡೆ, ಒಕ್ಕಲು ಮನೆ."

"ಅದ್ನ ಮೊದ್ಲೇ ಯೋಳ್ಬಾರ್ದಾ! ಅದೇನೋ ಪ್ರಕ್ರುತಿ ಪ್ರಕ್ರುತಿ ಅಂತ..." ಎನ್ನುತ್ತಲೇ ಮುಳ್ಳನ್ನು ಕೋಲಿನಿಂದ ಪಕ್ಕಕ್ಕೆಳೆದು, ಎರಡು ಬೊಗಸೆ ಅವರೆಕಾಯಿ ನನ್ನ ಸೆರಗಿಗೆ ಸುರಿದರು.

ಈಗ ಮತ್ತೆ ಹೊಂಗೆ ಚಿಗುರಿದೆ. ನನ್ನ ನಡಿಗೆ ಹುಣಸೆಮರದವರೆಗೆ ಮಾತ್ರ. ಅಲ್ಲಿಂದ ಮುಂದೆ ಮುನಿಯಮ್ಮನ ಜೊತೆ ಮಾತು. ಈಗ ಚೀಲದೊಳಗೇ ಇರುವ ಫೋನು ಸಂಜೆ ಎರಡು ಸಾವಿರ ತೋರಿಸಿ ಬೈಯುತ್ತದೆ.

ಹೋದ ವಾರ ಹೀಗೇ ಕೂತಿದ್ದಾಗ ಯಾರೋ ಗಂಡ ಹೆಂಡತಿ, ಎಳೆಯ ವಯಸ್ಸಿನವರು, ಫೋನನ್ನು ಮೇಲೆತ್ತಿ ಹಿಡಿದು ಬದುವಿನ ಮೇಲೆ ಬಂದರು. ನಾನು ಎದ್ದು ಬದುವಿಗೆ ಅಡ್ಡ ನಿಂತೆ.

"ಏನಪ್ಪಾ, ಸೈಟ್ ನೋಡೋಕೆ ಬಂದ್ರಾ?"

"ಇಲ್ಲ ಆಂಟಿ, ಸುಮ್ನೆ ಬಂದ್ವಿ" ಎಂದಳು ಹುಡುಗಿ.

"ಸುಮ್ನೆ ಯಾರಮ್ಮಾ ಬರ್ತಾರೆ?"

ಮುನಿಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಕುಲುಕುಲು ನಕ್ಕರು. "ಬುಡು ಟೀಚರಮ್ಮಾ, ಓಗ್ಲಿ. ನೀನೂ ಇಂಗೇ ಬಂದೋಳು."

ನಾಚಿಕೆಯಾಗಿ ನಾನೂ ನಕ್ಕು ದಾರಿ ಬಿಟ್ಟೆ. ಆದರೂ ಅವರು ತಿರುವು ದಾಟಿ ಕಾಣದಾಗುವವರೆಗೆ, ಅವರ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸುತ್ತಲೇ ಇದ್ದೆ.